ಕಣ ಹೋಯಿತು, ಹೊಲ ಬರಲಿಲ್ಲ

ಚೊಳಚಗುಡ್ಡದಲ್ಲಿ ಈಗ ಕಣ ಮಾಡುವವರಿಲ್ಲ. ಬಿಳಿಜೋಳ ಕಿತ್ತು, ತೆನೆ ಮುರಿದು, ಹೊಲದ ಒಂದು ಮಗ್ಗುಲನ್ನು ಕೆತ್ತಿ, ನೀರು ಹೊಡೆದು ತುಳಿಸಿ ಗಟ್ಟಿ ಮಾಡಿ, ಸಗಣಿ ಬಳಿದು, ನಟ್ಟನಡುವೆ ಮೇಟಿ ನಿಲ್ಲಿಸಿ ಎತ್ತಿನ ಹಂತಿ ಕಟ್ಟುತ್ತಿದ್ದ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಈಗ ರಾಶಿ ಮಷಿನ್ನು ಹೊಲದ ಬದಿಗೇ ಬಂದು ನಿಲ್ಲುತ್ತದೆ. ಮುಂಜಾನೆ ಹಾಕಿದ ತೆನೆ ಮಧ್ಯಾಹ್ನದೊಳಗೆ ಚೀಲ ಸೇರಿ ಟ್ರ್ಯಾಕ್ಟರು ಏರುತ್ತದೆ. ಮಷಿನ್ನು ಕರೆಸುವಷ್ಟು ತೆನೆ ಇಲ್ಲದವರು ಟಾರು ರಸ್ತೆಯ ಮೇಲೆ ಹರವಿ, ಹೋಗಿಬರುವ ಬಸ್ಸು ಲಾರಿಗಳಿಂದಲೇ ತುಳಿಸಿಕೊಳ್ಳುತ್ತಾರೆ. ಮಷಿನ್ನಿನ ಮೇಲೆ ನನಗೆ ಸಿಟ್ಟಿಲ್ಲ. ಹೆಣ್ಣುಮಕ್ಕಳ ಬೆನ್ನು ಉಳಿಯಿತು, ಎತ್ತುಗಳ ಕಾಲು ಉಳಿದವು. ನನ್ನ ಸಂಕಟ ಬೇರೆ. ಹೊಲ ಇಲ್ಲದವನಿಗೂ ಆ ರಾಶಿಯಲ್ಲಿ ಒಂದು ಪಾಲು ಇತ್ತು. ಕಣದ ಜೊತೆ ಅದೂ ಹೋಯಿತು. ಹೋದದ್ದಕ್ಕೆ ಬದಲಾಗಿ ಅವನಿಗೆ ಹೊಲ ಸಿಗಬೇಕಿತ್ತು, ಸಿಗಲಿಲ್ಲ. ನಮ್ಮೂರಿನ ಓಣಿಗಳಲ್ಲಿ ಕೀಲಿ ಬಿದ್ದ ಬಾಗಿಲುಗಳನ್ನು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ನನಗೆ ನೆನಪಿರುವ ಕಣಗಳು 1960ರ ದಶಕದ ಕೊನೆಯವು, 70ರ ದಶಕದ ಮೊದಲಿನವು. ಬೆಳದಿಂಗಳ ರಾತ್ರಿ ಹಂತಿ ಹೊಡೆಯುತ್ತಿದ್ದರು. ಎತ್ತುಗಳ ಹಿಂದೆ ತಿರುಗುವವನು ಹಾಡು ಎತ್ತಿಕೊಂಡರೆ ಆಚೆ ಹೊಲದ ಕಣದಲ್ಲಿದ್ದವನು ಅಲ್ಲಿಂದಲೇ ಸೊಲ್ಲು ಕೂಡಿಸುತ್ತಿದ್ದ. ಗಾಳಿ ಬಿಟ್ಟಾಗ ಮೆಟ್ಟಿನ ಮೇಲೆ ನಿಂತು ಮರದಿಂದ ತೂರುತ್ತಿದ್ದರು; ಹೊಟ್ಟು ಒಂದು ಕಡೆ ಹಾರಿ ಕಾಳು ಕೆಳಗೆ ಬೀಳುತ್ತಿತ್ತು. ರಾಶಿ ಕೂಡಿದ ಮೇಲೆ ಅದರ ಮೇಲೊಂದು ಸಗಣಿಯ ಬೆನಕಪ್ಪನನ್ನು ಕೂಡ್ರಿಸಿ, ಕಾಯಿ ಒಡೆದು, ಚಪ್ಪಲಿ ಬಿಟ್ಟು ಅಳೆಯಲು ಕೂಡುತ್ತಿದ್ದರು. ಮೊದಲ ಅಳತೆಗೆ ಒಂದು ಎನ್ನುವಂತಿರಲಿಲ್ಲ, ‘ಲಾಭ’ ಎನ್ನಬೇಕಿತ್ತು. ಆಮೇಲೆ ಎರಡು, ಮೂರು.

ಲಾವಣಿ ಹೊಲವಾಗಿದ್ದರೆ, ಅಂದರೆ ಗೇಣಿಗೆ ಹಿಡಿದದ್ದಾಗಿದ್ದರೆ, ಅರ್ಧ ಹೊಲದೊಡೆಯನ ಗಾಡಿಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ಆಯದವರು. ಕೂರಿಗೆ, ಕುಂಟೆ ಮಾಡಿಕೊಟ್ಟ ಬಡಿಗ, ಕುಳ ತಟ್ಟಿಕೊಟ್ಟ ಕಮ್ಮಾರ, ಕ್ಷೌರದ ಹಡಪದ, ಬಟ್ಟೆ ಒಗೆದ ಅಗಸ, ಮಿಣಿ ಬಾರುಕೋಲು ಹೊಸೆದ ಮಾದರ, ಗಡಿಗೆ ಕೊಟ್ಟ ಕುಂಬಾರ, ಊರು ಕಾಯ್ದ ತಳವಾರ, ಗುಡಿ ಪೂಜಾರಿ, ಎಲ್ಲರಿಗೂ ಸೇರಿನ ಲೆಕ್ಕ ಇತ್ತು. ಮಳೆ ಹೆಚ್ಚು ಕಡಿಮೆಯಾದರೆ ಲೆಕ್ಕ ಇಳಿಯುತ್ತಿತ್ತು, ಇಲ್ಲವಾಗುತ್ತಿರಲಿಲ್ಲ. ಕೊಯ್ಲಿಗೆ ಬಂದವರಿಗೆ ಕೂಲಿಯಾಗಿ ಸಿವುಡು. ವಂಶಾವಳಿ ಹೇಳುವ ಹೆಳವ, ಗೊಂದಲಿಗ, ಜೋಗತಿ, ಬುಡಬುಡಿಕೆಯವ ಬಂದರೆ ಒಂದು ಬೊಗಸೆ. ಅವರ ಹಿಂದೆ ಹಕ್ಕಲ ಆಯುವ ಹೆಂಗಸರು ಹೊಲಕ್ಕೆ ಇಳಿಯುತ್ತಿದ್ದರು. ನಮ್ಮ ಓಣಿಯ ಒಬ್ಬ ಚಿಗವ್ವನಿಗೆ ಗಂಡ ಇರಲಿಲ್ಲ, ಒಂದು ಗುಂಟೆ ನೆಲವೂ ಇರಲಿಲ್ಲ. ಸುಗ್ಗಿಯಲ್ಲಿ ಹಕ್ಕಲ ಆಯ್ದು ಮಳೆಗಾಲಕ್ಕೆ ಸಾಲುವಷ್ಟು ಜೋಳವನ್ನು ಗಡಿಗೆಗಳಲ್ಲಿ ತುಂಬಿ ಇಡುತ್ತಿದ್ದಳು. ಅವಳನ್ನು ಹೊಲದಿಂದ ಎಬ್ಬಿಸಿದವನನ್ನು ಊರು ಒಳ್ಳೆಯವನೆಂದು ಕರೆಯುತ್ತಿರಲಿಲ್ಲ.

ಅದೆಲ್ಲ ಬಂಗಾರದ ಕಾಲ ಎಂದು ನಾನು ಹೇಳಲಾರೆ. ಅದೇ ಕಣದಲ್ಲಿ ಕೆಲವರು ಹಾಸಿದ ಕಂಬಳಿಯ ಮೇಲೆ ಕೂಡುತ್ತಿದ್ದರು, ಕೆಲವರು ಕಣದ ಅಂಚಿನಿಂದ ಆಚೆ ನಿಲ್ಲುತ್ತಿದ್ದರು. ಮಾದರ ಓಣಿಯವರು ಸೆರಗೊಡ್ಡಿದರೆ ಕಾಳನ್ನು ಮೇಲಿಂದ, ಕೈ ತಾಗದಂತೆ ಸುರಿಯುತ್ತಿದ್ದರು. ವರ್ಷವಿಡೀ ದುಡಿದು ತುಂಬಿದ ರಾಶಿಯಿಂದ ತನ್ನದನ್ನೇ ಪಡೆಯಲು ಒಬ್ಬ ಮನುಷ್ಯ ಅಷ್ಟು ಬಾಗಬೇಕಾಗಿತ್ತು. ನಾನು ಹಂಬಲಿಸುವುದು ಆ ಬಾಗುವಿಕೆಗಲ್ಲ. ಬೆಳೆದ ಕಾಳಿನಲ್ಲಿ ಊರಿನ ಎಲ್ಲ ಹೊಟ್ಟೆಗಳಿಗೂ ಪಾಲಿದೆ ಎಂದು ಊರು ಒಪ್ಪಿಕೊಂಡಿತ್ತಲ್ಲ, ಅದಕ್ಕೆ. ಕಾಳಿನ ಮೇಲೆ ಒಪ್ಪಿದ ಪಾಲನ್ನು ನೆಲದ ಮೇಲೆ ಎಂದೂ ಒಪ್ಪಲಿಲ್ಲ.

ನೆಲದ ಮಾತು ಹೇಳಬೇಕು. ನಮ್ಮೂರಿಗೆ ಒಂದು ಮಗ್ಗುಲಲ್ಲಿ ಮಲಪ್ರಭೆ, ಇನ್ನೊಂದು ಮಗ್ಗುಲಲ್ಲಿ ಬಾದಾಮಿಯ ಕೆಂಪು ಕಲ್ಲಿನ ಗುಡ್ಡಗಳು. ಹೊಳೆ ದಂಡೆಯಲ್ಲಿ ಎರೆ, ಬಾಳೆ ತೆಂಗು ಎಲೆಬಳ್ಳಿಯ ತೋಟಗಳು. ನಮ್ಮೂರ ದೇವಿ ಬನಶಂಕರಿಯ ಬನ ಎಂದರೆ ಈ ನೀರಿನ ಆಸರೆಗೆ ಬೆಳೆದ ಬನವೇ. ಗುಡ್ಡದ ಕಡೆ ಸರಿದಂತೆ ಮಸಾರಿ, ಅದರಾಚೆ ಕಲ್ಲು. ನಾನು ಹುಡುಗನಾಗಿದ್ದಾಗ ಹೊಳೆದಂಡೆಯ ಎರೆ ಎಲ್ಲಾ ಊರಿನ ಕೆಲವೇ ಮನೆಗಳ ಉತಾರದಲ್ಲಿತ್ತು. ಸಜ್ಜೆ, ಶೇಂಗಾ ಬಂದರೆ ಬಂತು ಎನ್ನುವ ಮಸಾರಿ ನಡುವಿನವರಿಗೆ. ಕಲ್ಲು ಮಾತ್ರ ಎಲ್ಲರಿಗೂ. ಗುಳೇದಗುಡ್ಡ, ಇಳಕಲ್ಲಿನ ಕಡೆ ಹೊಲ ಇಲ್ಲದವನಿಗೆ ಮಗ್ಗವಾದರೂ ಇತ್ತು; ಖಣ ನೇಯ್ದೋ ಸೀರೆ ನೇಯ್ದೋ ಹೊಟ್ಟೆ ಹೊರೆಯುತ್ತಿದ್ದ. ನಮ್ಮ ಕಡೆ ಹೊಲ ಇಲ್ಲವೆಂದರೆ ಇನ್ನೊಬ್ಬರ ಹೊಲವೇ ಗತಿ.

ನಮ್ಮಪ್ಪ ಲಾವಣಿ ರೈತ. ಹೊಲದೊಡೆಯರ ಜೊತೆ ಆಗಿದ್ದೆಲ್ಲ ಬಾಯಿಮಾತು. ಕಾಗದ ಇಲ್ಲ, ಪಾವತಿ ಇಲ್ಲ. ಮುಂಬಯಿ ಪ್ರಾಂತದ ಕಾಲದಲ್ಲೇ, 1948ರಲ್ಲಿ, ಕುಳಕಾಯ್ದೆ ಬಂದಿತ್ತು. ಅಂದಿನಿಂದ ಜಮೀನುದಾರರು ಒಂದು ಉಪಾಯ ಕಲಿತಿದ್ದರು. ಒಂದೇ ಹೊಲದಲ್ಲಿ ಒಬ್ಬನನ್ನೇ ಬಹಳ ವರ್ಷ ಬಿಡುತ್ತಿರಲಿಲ್ಲ. ಈ ವರ್ಷ ಹೊಳೆ ಹೊಲ, ಮುಂದಿನ ವರ್ಷ ಗುಡ್ಡದ ಹೊಲ. ಹೆಸರು ಉತಾರದಲ್ಲಿ ಬೇರು ಬಿಡಬಾರದು, ಅಷ್ಟೆ. ಮೈಸೂರು ರಾಜ್ಯದ ಭೂಸುಧಾರಣೆಗೆ ದಾರಿ ಹಾಕಿದ ಸಮಿತಿಯ ಅಧ್ಯಕ್ಷರು ನಮ್ಮ ಸೀಮೆಯವರೇ, ಜಮಖಂಡಿ ತಾಲೂಕು ಸಾವಳಗಿಯ ಬಿ.ಡಿ. ಜತ್ತಿಯವರು. ಅವರು ಮುಖ್ಯಮಂತ್ರಿಯಾಗಿದ್ದಾಗ 1961ರಲ್ಲಿ ಕಾಯ್ದೆ ಆಯಿತು. ಅದು ಜಾರಿಗೆ ಬಂದದ್ದು ಮಾತ್ರ 1965ರ ಅಕ್ಟೋಬರ್ 2ಕ್ಕೆ. ನಡುವಿನ ಆ ನಾಲ್ಕು ವರ್ಷಗಳಲ್ಲಿ ಹೊಲ ಬಿಡಿಸಿಕೊಳ್ಳುವವರು ಸಾವಕಾಶವಾಗಿ ಬಿಡಿಸಿಕೊಂಡರು.

ಆಮೇಲೆ ದೇವರಾಜ ಅರಸರ ತಿದ್ದುಪಡಿ. 1974ರ ಮಾರ್ಚ್ 1ರಿಂದ ಲಾವಣಿ ಹೊಲಗಳೆಲ್ಲ ಸರ್ಕಾರದ್ದು, ಉಳುವವನು ಅರ್ಜಿ ಕೊಟ್ಟರೆ ಅವನದು. ತಾಲೂಕಿಗೊಂದು ಭೂ ನ್ಯಾಯಮಂಡಳಿ. ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ರೈತ ನಿಂತು ತನ್ನ ಮಾತು ತಾನೇ ಹೇಳಬಹುದಿತ್ತು, ನೆರೆಹೊಲದವನು ಸಾಕ್ಷಿ ನುಡಿಯಬಹುದಿತ್ತು. ಬಡವನನ್ನು ನಂಬಿ ಬರೆದ ಕಾಯ್ದೆ ಅದು. ಅಂಥದು ನಮ್ಮ ನಾಡಿನಲ್ಲಿ ಮತ್ತೆ ಬಂದಿಲ್ಲ. ಫಾರಂ ನಂಬರ್ 7 ಎಂದರೆ ಓದು ಬರದವರಿಗೂ ಗೊತ್ತಿತ್ತು.

ನಮ್ಮಪ್ಪ ಆ ಫಾರಂ ತುಂಬಲಿಲ್ಲ. 1972ರ ಬರ ಇನ್ನೂ ಹಸಿಯಾಗಿತ್ತು. ಆ ವರ್ಷ ಒಲೆ ಹೊತ್ತದ ದಿನಗಳಲ್ಲಿ ಹೊಲದೊಡೆಯರ ಮನೆಯ ಹಗೇವು ತೆರೆದು ನಮಗೆ ಜೋಳ ಕೊಟ್ಟಿದ್ದರು. ಅಣ್ಣ ಎಷ್ಟು ಕಾಡಿದರೂ ಅಪ್ಪನದು ಒಂದೇ ಮಾತು. “ಬರದಾಗ ನಿಮ್ಮ ಹೊಟ್ಟಿಗೆ ಹಾಕ್ಯಾರ. ಅವರ ಮ್ಯಾಲ ಅರ್ಜಿ ಕೊಡಂದ್ರ ಹೆಂಗ ಕೊಡ್ಲೋ ಮಗನ? ಉಂಡ ಮನಿಗೆ ಎರಡು ಬಗೀಬಾರದು.” ಅರ್ಜಿಯ ಗಡುವು ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ಮುಗಿಯಿತು. ಆ ಮನೆಯ ಹಿರಿಯರು ತೀರಿಕೊಂಡ ಮೇಲೆ ಪೇಟೆ ಸೇರಿದ ಮಕ್ಕಳು ಬಂದು ಹೊಲ ಮಾರಿದರು. ಅಪ್ಪನನ್ನು ಕೇಳುವ ಮಾತೇ ಇರಲಿಲ್ಲ, ಕಾಗದದಲ್ಲಿ ಅಪ್ಪ ಎಲ್ಲೂ ಇರಲಿಲ್ಲ. ಬರದ ವರ್ಷ ಕೊಟ್ಟ ಜೋಳ ನಮ್ಮಪ್ಪನ ದುಡಿಮೆಯಿಂದಲೇ ಆ ಹಗೇವು ಸೇರಿದ್ದು ಎಂಬುದು ಅವನಿಗೆ ಕೊನೆಯವರೆಗೂ ಹೊಳೆಯಲಿಲ್ಲವೋ, ಹೊಳೆದರೂ ಬಾಯಿಬಿಟ್ಟು ಹೇಳಲಿಲ್ಲವೋ. ಅದೇ ಹೊಲಕ್ಕೆ ಅವನು ಮುಂದೆ ಕೂಲಿಗೆ ಹೋದ. ಅವನ ನಿಯತ್ತನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆ ನಿಯತ್ತಿಗೆ ಎದುರು ಕಡೆಯಿಂದ ನಿಯತ್ತು ಬರಲಿಲ್ಲ ಎಂಬ ದುಃಖ ಆರಿಲ್ಲ.

ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು, ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಒಕ್ಕಲುಗಳ ಕಡೆಗೆ ತೀರ್ಪಾದವು. ಅದರ ದೊಡ್ಡ ಫಲ ಉಂಡದ್ದು ಕರಾವಳಿ. ಅಲ್ಲಿ ಗೇಣಿ ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿತ್ತು, ತೋರಿಸಲು ಚೀಟಿಗಳಿದ್ದವು. ನಮ್ಮ ಕಡೆಯ ಬಾಯಿಮಾತಿನ ಲಾವಣಿಗೆ ಆ ಭಾಗ್ಯ ಇರಲಿಲ್ಲ. ಲಾವಣಿಯೂ ಇಲ್ಲದೆ ಬರೀ ಸಂಬಳಕ್ಕೋ ಕೂಲಿಗೋ ದುಡಿದವನಿಗೆ, ಅವನು ಬಹುಪಾಲು ಮಾದರ ಓಣಿಯವನು, ತಾಂಡಾದವನು, ಫಾರಂ 7ರಲ್ಲಿ ಜಾಗವೇ ಇರಲಿಲ್ಲ. ಉಳುವವನೇ ಹೊಲದೊಡೆಯ ಎಂದರು. ಆದರೆ ರಂಟೆ ಹಿಡಿದವನ ಹಿಂದೆ ಕಳೆ ಕಿತ್ತವಳನ್ನು ಉಳುವವಳೆಂದು ಯಾರೂ ಎಣಿಸಲಿಲ್ಲ.

ಇದಕ್ಕೊಂದು ಮುಂದಿನ ಕತೆ ಇದೆ. ಕರಾವಳಿಯಲ್ಲಿ ಆ ಕಾಯ್ದೆಯಿಂದ ಗದ್ದೆ ಪಡೆದವರ ಎಷ್ಟೋ ಮಕ್ಕಳು ಓದಿದರು, ಮುಂಬಯಿ ಸೇರಿದರು, ಕೊಲ್ಲಿ ದೇಶಗಳಿಗೆ ಹೋದರು, ಊರಿನಲ್ಲಿ ಮನೆ ಕಟ್ಟಿಸಿದರು. ಮಂಗಳೂರು, ಉಡುಪಿಯ ಆ ಮನೆಗಳಿಗೆ ಕಲ್ಲು ಹೊತ್ತವರು, ಕಾಂಕ್ರೀಟು ಕಲಸಿದವರು ಬಾದಾಮಿ, ಹುನಗುಂದ, ಬಾಗಲಕೋಟೆಯ ಕಡೆಯವರು. ಒಂದೇ ಕಾಯ್ದೆ ಒಂದು ಸೀಮೆಗೆ ಹೊಲ ಕೊಟ್ಟಿತು, ಇನ್ನೊಂದು ಸೀಮೆಯ ಜನ ಅಲ್ಲಿಗೆ ಗುಳೆ ಹೊರಟರು.

ನಮ್ಮಣ್ಣ ಗೋವೆಗೆ ಹೋದ. ಬನದ ಹುಣ್ಣಿಮೆ ಮುಗಿದ ಮೇಲೆ ಬಾದಾಮಿ ಸ್ಟೇಷನ್ನಿನಲ್ಲಿ ಗಾಡಿ ಹತ್ತಿ, ಗದಗ ಹುಬ್ಬಳ್ಳಿ ಲೋಂಡಾ ದಾಟಿ ವಾಸ್ಕೋಕ್ಕೆ. ಮೊದಮೊದಲು ಸುಗ್ಗಿಗೆ ಬರುತ್ತಿದ್ದ, ಆಮೇಲೆ ಪಂಚಮಿಗೆ, ಆಮೇಲೆ ಜಾತ್ರೆಗೆ ಮಾತ್ರ. ಅವನಿಗೆ ಊರು ಬೇಡವಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಒಮ್ಮೆ ಅಪ್ಪ ವಾಪಸು ಬಾ ಎಂದಾಗ ಅವನು ಹೇಳಿದ್ದು ಹೀಗೆ: “ಅಲ್ಲೆ ದುಡದ್ರ ಪಗಾರ ಕೈಯಾಗ ಇಡ್ತಾರ ಯಪ್ಪಾ. ಯಾರ ಮುಂದನೂ ಕೈ ಕಟಗೊಂಡು ನಿಂದರೂದಿಲ್ಲ.” ಕಾಳಿಗಾಗಿ ಕೈ ಕಟ್ಟಿ ನಿಂತವರ ಮಕ್ಕಳು ರೊಕ್ಕಕ್ಕಾಗಿ ಊರು ಬಿಟ್ಟದ್ದರಲ್ಲಿ ಮರ್ಯಾದೆಯ ಹಸಿವೂ ಇತ್ತು. ಹಾಗೆಂದು ಆಚೆ ನೆಲ ಅವರದಾಯಿತೇ? 2004ರಲ್ಲಿ ವಾಸ್ಕೋದ ಬೈನಾ ಕಡಲತೀರದಲ್ಲಿ ಗೋವಾ ಸರ್ಕಾರ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಎಷ್ಟೊಂದು ಮಂದಿ ಉತ್ತರ ಕರ್ನಾಟಕದವರು. 2020ರ ಲಾಕ್‌ಡೌನಿನಲ್ಲಿ ಗೋವೆಯಿಂದ, ಮಂಗಳೂರಿನಿಂದ ಗಂಟು ಹೊತ್ತು ನಮ್ಮವರು ಮರಳಿದರು. ಊರಲ್ಲಿ ನಿಲ್ಲಲು ಮನೆ ಇತ್ತು, ಬಿತ್ತಲು ಹೊಲ ಇರಲಿಲ್ಲ. ಉದ್ಯೋಗ ಖಾತ್ರಿಯ ನೂರು ದಿನದ ಕೆಲಸ ಆ ವರ್ಷ ಎಷ್ಟೋ ಮನೆಗಳ ಒಲೆ ಹಚ್ಚಿಸಿತು. ದಾರಿ ತೆರೆದ ಕೂಡಲೇ ಮತ್ತೆ ಹೊರಟರು. ಬಿಜಾಪುರ, ಬಾಗಲಕೋಟೆಯ ತಾಂಡಾಗಳ ಜನ ಮುಂಗಡ ತೆಗೆದುಕೊಂಡು ಕಬ್ಬು ಕಡಿಯಲು ಹೋಗುತ್ತಾರೆ. ಮುಂಗಡ ತೀರುವವರೆಗೆ ಹಿಂದಿರುಗುವಂತಿಲ್ಲ.

ಹೊಲ ಇದ್ದವರಲ್ಲಿ ನೆಮ್ಮದಿ ಇದೆ ಎನ್ನುವಂತೆಯೂ ಇಲ್ಲ. 1970–71ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರ್, 2015–16ರಲ್ಲಿ 1.36. ಹೊಲವಿದ್ದ ಒಬ್ಬ ಅಪ್ಪನ ಎಂಟು ಎಕರೆ ನಾಲ್ಕು ಮಕ್ಕಳ ವಾಟ್ನಿಯಲ್ಲಿ ನಾಲ್ಕು ಪಟ್ಟಿಯಾಗುತ್ತದೆ. ಎತ್ತಿನ ಗಾಡಿ ತಿರುಗದಷ್ಟು ಅಗಲದ ಹೊಲಗಳಿವೆ. ಬದು ಒಂದು ಮೊಳ ಸರಿಯಿತು ಎಂದು ಅಣ್ಣತಮ್ಮಂದಿರು ಕೊಡಲಿ ಎತ್ತುತ್ತಾರೆ, ಹೊಲಕ್ಕೆ ಹೋಗುವ ದಾರಿಗೆ ಮುಳ್ಳು ಹಚ್ಚುತ್ತಾರೆ. ಕಣ ಇದ್ದಾಗಲೂ ಬದುವಿನ ಜಗಳ ಇತ್ತು. ಆದರೆ ಹಂತಿ ಕಟ್ಟಲು ನಿನ್ನ ಎತ್ತು ನನಗೆ ಬೇಕು, ನನ್ನ ಎತ್ತು ನಿನಗೆ ಬೇಕು; ಮುಯ್ಯಾಳು ಬರದಿದ್ದರೆ ರಾಶಿಯಾಗುವುದಿಲ್ಲ. ಸುಗ್ಗಿ ಬಂತೆಂದರೆ ಮಾತು ಬಿಟ್ಟವರು ಮಾತಾಡಲೇಬೇಕಿತ್ತು. ಈಗ ಮಷಿನ್ನಿನವನಿಗೆ ಫೋನು ಹಚ್ಚಿದರೆ ಆಯಿತು. ಮಾತು ಬಿಟ್ಟವರು ಬಿಟ್ಟೇ ಇರುತ್ತಾರೆ, ಬಾದಾಮಿ ಕೋರ್ಟಿನಲ್ಲಿ ತಾರೀಖು ಮೇಲೆ ತಾರೀಖು ಬೀಳುತ್ತದೆ.

ನೀರು ಬಂದರೆ ಎಲ್ಲ ಸರಿಹೋದೀತು ಎಂದು ನಂಬಿದ್ದ ಕಾಲವೂ ಒಂದಿತ್ತು. 70ರ ದಶಕದ ಮೊದಲಲ್ಲಿ ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಮುಗಿಯಿತು. ಕಾಲುವೆ ಕಂಡ ಹೊಲಕ್ಕೂ ಕಾಣದ ಹೊಲಕ್ಕೂ ಹೊಸ ಅಂತರ ಹುಟ್ಟಿತು. ನೀರು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಬಂತು, ಹತ್ತಿಯ ಬೆಲೆ ಬಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಆ ಕಿಚ್ಚಿನಿಂದ ರೈತ ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು, 1983ರಲ್ಲಿ ಗುಂಡೂರಾಯರ ಸರ್ಕಾರ ಸೋತಿತು. ಆ ರೈತರ ನೋವು ನಿಜವಾದದ್ದು. ಆದರೆ ಅಂದು ಮುಂದೆ ನಿಂತ ಮಾತು ಕರದ್ದು, ಬೆಲೆಯದು, ಅಂದರೆ ಹೊಲ ಉಳ್ಳವನ ಕಷ್ಟದ್ದು. ಹೊಲವೇ ಇಲ್ಲದವನ ಪ್ರಶ್ನೆ ಹಿಂದೆಯೇ ಉಳಿಯಿತು, ಇಂದಿಗೂ ಅಲ್ಲೇ ಇದೆ.

ಹೊಳೆಯೂ ಬದಲಾಯಿತು. ವರ್ಷದ ಬಹುಕಾಲ ಮಲಪ್ರಭೆ ನಮ್ಮೂರ ಮುಂದೆ ಒಣಗಿ ಮಲಗಿರುತ್ತಾಳೆ. ಒಣಗಿದ ಪಾತ್ರ ಕಂಡು ಮೇಲಿನಿಂದ ಕೂಡಲಸಂಗಮದವರೆಗೆ ದಂಡೆಯ ಹೊಲಗಳು ಹೊಳೆಯೊಳಗೆ ಇಳಿದವು, ಪಾತ್ರ ಕಿರಿದಾಯಿತು. ಅಣೆಕಟ್ಟಿನ ಬಾಗಿಲು ತೆಗೆದಾಗ ನೀರಿಗೆ ಹೋಗಲು ದಾರಿ ಇಲ್ಲ. 2009ರಲ್ಲಿ ಊರೂರು ಮುಳುಗಿದವು, ಮನೆ ಕಳೆದುಕೊಂಡವರಿಗೆ ‘ಆಸರೆ’ ಮನೆಗಳು ಎದ್ದವು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ಬೆಳೆ ಹೋದದ್ದಕ್ಕೆ ಪರಿಹಾರ ಬಂತು. ಬಂದದ್ದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಬೀಜ ಗೊಬ್ಬರಕ್ಕೆ ಸಾಲ ಮಾಡಿ ಬಿತ್ತಿದ ಲಾವಣಿಯವನ ಕೈಗೆ ಏನೂ ಬರಲಿಲ್ಲ, ಧಣಿಗೆ ಮನಸ್ಸು ಬಂದು ಕೊಟ್ಟರೆ ಉಂಟು. ಅದೇ ವರ್ಷ ಬಂದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿಯೂ ಹಾಗೆಯೇ, ಹೊಲದ ಹೆಸರಿಗೆ.

ಹೀಗಾಗಲು ಕಾರಣ ನಾನು ಮೆಚ್ಚುವ ಆ 1974ರ ಕಾಯ್ದೆಯಲ್ಲೇ ಇದೆ. ಸೈನಿಕರು, ನಾವಿಕರನ್ನು ಬಿಟ್ಟು ಯಾರೂ ಹೊಲವನ್ನು ಲಾವಣಿಗೆ ಕೊಡುವಂತಿಲ್ಲ ಎಂದಿತು ಕಾಯ್ದೆ. ಲಾವಣಿ ನಿಂತಿತೇ? ನಿಲ್ಲಲಿಲ್ಲ, ಕತ್ತಲೆಗೆ ಸರಿಯಿತು. ಇಲ್ಲದ್ದೆಂದು ಕಾಯ್ದೆ ಹೇಳುವ ಲಾವಣಿಯನ್ನು ಪಹಣಿಯಲ್ಲಿ ಬರೆಯುವವರಾರು? ಸಾಗುವಳಿದಾರನ ಅಂಕಣದಲ್ಲಿ ‘ಸ್ವಂತ’ ಎಂದು ಬೀಳುತ್ತದೆ, ಬಿತ್ತಿದವನು ಯಾರೇ ಆಗಿರಲಿ. ಈಗ ಲಾವಣಿಯ ಗಾಳಿಯೂ ತಿರುಗಿದೆ. ಎರಡು ಎಕರೆಯವನು ಮಂಗಳೂರಿಗೆ ಹೊರಡುವ ಮುನ್ನ ತನ್ನ ತುಂಡು ಹೊಲವನ್ನು ಟ್ರ್ಯಾಕ್ಟರಿದ್ದ ದೊಡ್ಡ ಕುಳಕ್ಕೇ ಕೊಟ್ಟು ಹೋಗುತ್ತಾನೆ. ಬದುಗಳು ಅಳಿಸುತ್ತವೆ. ಕೆಲವು ವರ್ಷ ಕಳೆದರೆ ಅವನ ಮಕ್ಕಳಿಗೆ ತಮ್ಮ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಅಳತೆಯವರೇ ಬರಬೇಕು. 2020ರಲ್ಲಿ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಒಕ್ಕಲುತನ ಗೊತ್ತಿಲ್ಲದ ಪೇಟೆಯ ದುಡ್ಡಿಗೂ ಹೊಲದ ಬಾಗಿಲು ತೆರೆದಿದೆ. ಅರಸರ ಕಾಲದಲ್ಲಿ ಹೊಲ ಕೇಳಲು ಹೆದರಿದ ಮನೆಗಳು ಈಗಿನ ಬೆಲೆಗೆ ಕೊಳ್ಳುವ ಮಾತು ದೂರ.

ವರ್ಷಕ್ಕೊಮ್ಮೆ ಮಾತ್ರ ಊರು ತುಂಬುತ್ತದೆ. ಪುಷ್ಯದ ಹುಣ್ಣಿಮೆಗೆ ಬನಶಂಕರಿಯ ತೇರು. ಹಿಂದಿನ ದಿನ ಪಲ್ಲೇದ ಹಬ್ಬ, ತಾಯಿಗೆ 108 ಬಗೆಯ ಕಾಯಿಪಲ್ಲೆಯ ನೈವೇದ್ಯ. ಅವಳು ಶಾಕಂಭರಿ, ಬರ ಬಿದ್ದಾಗ ಕಾಯಿಪಲ್ಲೆ ಬೆಳೆದು ಜಗದ ಹೊಟ್ಟೆ ತುಂಬಿಸಿದವಳು. ಬರದಲ್ಲಿ ಹಸಿದವರಿಗೆ ಉಣ್ಣಿಸಿದ ದೇವಿಯ ಪದತಲದಲ್ಲಿ ಹುಟ್ಟಿದವರು ಉಣ್ಣಲು ಕಡಲ ದಂಡೆಗೆ ಹೋಗಬೇಕಾದದ್ದು ನನ್ನನ್ನು ಪ್ರತಿ ಜಾತ್ರೆಯಲ್ಲೂ ಇರಿಯುತ್ತದೆ. ನಾಟಕದ ಕಂಪನಿಗಳು ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತವೆ, ಬಾಗಿಲು ಚೌಕಟ್ಟುಗಳ ಸಾಲು, ಇಳಕಲ್ ಸೀರೆಯ ಅಂಗಡಿಗಳು. ಗುಡಿಯ ಮುಂದೆ ಬುಟ್ಟಿ ಇಳಿಸಿಕೊಂಡು ಕೂತ ತಾಯಂದಿರು ಜೋಳದ ರೊಟ್ಟಿ, ಪುಂಡಿಪಲ್ಲೆ, ಕೆನೆಮೊಸರು, ಶೇಂಗಾ ಹಿಂಡಿ ಬಡಿಸಿ ಕೊಡುತ್ತಾರೆ. ಗೋವೆಯಿಂದ ಬಂದ ಹುಡುಗರು ಅಲ್ಲೇ ನೆಲಕ್ಕೆ ಕೂತು ಉಣ್ಣುತ್ತಾರೆ. ಹೊಸ ಅಂಗಿ, ಕೈಯಲ್ಲಿ ದೊಡ್ಡ ಫೋನು, ಮಾತಿನಲ್ಲಿ ಅಷ್ಟಿಷ್ಟು ಕೊಂಕಣಿ. ಅವರ ಮಕ್ಕಳಿಗೆ ಹಂತಿ ಎಂದರೆ ಗೊತ್ತಿಲ್ಲ. ಅದು ಗೊತ್ತಿರಲೇಬೇಕು ಎಂಬ ಹಠ ನನಗಿಲ್ಲ. ಈ ಊರಿನಲ್ಲಿ ಒಂದು ತುಂಡು ನೆಲ ನಮ್ಮದು ಎಂದು ಅವರು ಹೇಳುವಂತಾಗಬೇಕಿತ್ತು.

ಕಣ ಮತ್ತೆ ಬರುವುದಿಲ್ಲ, ಬರಬೇಕೆಂದು ನಾನು ಕೇಳುವುದೂ ಇಲ್ಲ. ಕೇಳುವುದು ಇಷ್ಟೇ. ಲಾವಣಿಯನ್ನು ಕತ್ತಲೆಯಿಂದ ಹೊರಗೆ ತನ್ನಿ. ಹೊಲದೊಡೆಯನ ಹಕ್ಕಿಗೆ ಚ್ಯುತಿ ಬಾರದಂತೆ, ಬಿತ್ತಿದವನ ಹೆಸರು ಕಾಗದಕ್ಕೆ ಏರುವಂಥ ಒಂದು ಕಾಯ್ದೆ ಮಾಡಿ. ಅದಾಗುವವರೆಗೆ, ಬರ ಬಿದ್ದಾಗಲೋ ಹೊಳೆ ಬಂದಾಗಲೋ ಬೆಳೆ ಹಾನಿಯ ಸಮೀಕ್ಷೆಗೆ ಬರುವ ಅಧಿಕಾರಿಗಳು ಪಹಣಿಯೊಂದನ್ನೇ ನೋಡಬಾರದು. ಬದುವಿನ ಮೇಲೆ ನಿಂತು, ಇಲ್ಲಿ ಬಿತ್ತಿದವರು ಯಾರು ಎಂದು ನೆರೆಹೊಲದವರನ್ನು ಕೇಳಬೇಕು. ಭೂ ನ್ಯಾಯಮಂಡಳಿಗಳು ಬಾಯಿಮಾತಿನ ಸಾಕ್ಷಿ ಕೇಳಿಯೇ ಹೊಲ ಕೊಟ್ಟಿದ್ದವು. ಒಂದು ಬೆಳೆಯ ಪರಿಹಾರ ಕೊಡಲು ಆ ಸಾಕ್ಷಿ ಸಾಲಬೇಕು.